ಕಾರವಾರದಲ್ಲಿ ಕೂತು ವಿದೇಶದ ಸಿವಿಲ್ ಲಾ ಡಿಗ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟಿನ ಜೂನಿಯರ್‌ಗಳು, ಶಿರಸಿ ಕಡೆಯ ಕಾನೂನು ವಿದ್ಯಾರ್ಥಿಗಳು, ಭಟ್ಕಳದಿಂದ ಗಲ್ಫಿಗೆ ಹೋದವರು, ಮಕ್ಕಳ ಓದಿನ ಚಿಂತೆ ಹತ್ತಿದ ಅಪ್ಪ ಅಮ್ಮಂದಿರು. ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ಎಲ್‌ಎಲ್‌ಬಿ ಮುಗಿದಿದೆ, ಅದರ ಮೇಲೆ ವಿದೇಶದ ಸಿವಿಲ್ ಲಾ ಡಿಗ್ರಿಯನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಿದರೆ ಹೇಗೆ? ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಕಾರವಾರದಲ್ಲಿ ವಕೀಲಿ ಮಾಡುವವನು. ಹಾಗಾಗಿ ಗೋವಾದ ಮಾತು ಸ್ವಲ್ಪ ಜಾಸ್ತಿಯೇ ಬರುತ್ತದೆ.

## ಮೊದಲಿಗೆ

ಸರ್, ಸಿವಿಲ್ ಲಾ ಅಂದ್ರೆ ನಾವು ದಿನಾ ನಡೆಸೋ ಸಿವಿಲ್ ಕೇಸೇ ಅಲ್ವಾ? ಅದಕ್ಕೆ ಬೇರೆ ಡಿಗ್ರಿ ಯಾಕೆ?

ಅಲ್ಲ. ಇಲ್ಲಿ ಹೇಳುತ್ತಿರುವುದು ಒಂದು ದೇಶದ ಇಡೀ ಕಾನೂನು ಪದ್ಧತಿಯ ಹೆಸರು. ನಮ್ಮದು ಇಂಗ್ಲೆಂಡಿನಿಂದ ಬಂದ ಕಾಮನ್ ಲಾ. ಇನ್ನೊಂದು ರೋಮನ್ ಕಾನೂನಿನ ಬುಡದಿಂದ ಬೆಳೆದದ್ದು. ಅದರಲ್ಲಿ ಕಾನೂನನ್ನೆಲ್ಲ ಕಲಂವಾರು ಜೋಡಿಸಿದ ಸಂಹಿತೆಗೆ ಕೋಡ್ ಎನ್ನುತ್ತಾರೆ. ಫ್ರಾನ್ಸಿನ 1804ರ ಕೋಡ್, ಜರ್ಮನಿಯಲ್ಲಿ 1900ರಲ್ಲಿ ಜಾರಿಗೆ ಬಂದ ಕೋಡ್, ಇವೆರಡರ ನೆರಳು ಅರ್ಧ ಜಗತ್ತಿನ ಮೇಲಿದೆ. ಸ್ಪೇನ್, ಪೋರ್ಚುಗಲ್, ಇಟಲಿ, ದಕ್ಷಿಣ ಅಮೆರಿಕದ ಬಹುತೇಕ ದೇಶಗಳು ಈ ಕಡೆಯವು. ಕೆನಡಾದೊಳಗೆ ಕ್ವಿಬೆಕ್, ಅಮೆರಿಕದೊಳಗೆ ಲೂಸಿಯಾನ ಕೂಡ. ದಕ್ಷಿಣ ಆಫ್ರಿಕಾ, ಶ್ರೀಲಂಕಾಗಳಲ್ಲಿ ಎರಡೂ ಬೆರೆತಿವೆ.

ನಮ್ಮಲ್ಲೂ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಾಠ) ಇದೆ, ಅವರಲ್ಲೂ ಕೋಡ್ ಇದೆ. ಅಂಥಾ ವ್ಯತ್ಯಾಸ ಏನು?

ಒಳ್ಳೆ ಪ್ರಶ್ನೆ. 1872ರ ಕರಾರು ಕಾಯ್ದೆ ಓದಿದವರಿಗೆ ಕಲಂ ಹಿಡಿದು ವಾದ ಮಾಡುವುದು ಹೊಸದಲ್ಲ. ಲಂಡನ್ನಿನಲ್ಲಿ ಓದಿದವರಿಗಿಂತ ನಮಗೆ ಈ ದಾರಿ ಸ್ವಲ್ಪ ಸಲೀಸು. ಆದರೆ ನಾವು ಕಲಂ ಓದಿದ ಕೂಡಲೇ ಅದರ ಮೇಲೆ ಯಾವ ತೀರ್ಪು ಇದೆ ಎಂದು ಹುಡುಕುತ್ತೇವೆ. ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ್ದು ಕೆಳಗಿನ ಕೋರ್ಟುಗಳಿಗೆಲ್ಲ ಕಾನೂನೇ. ಫ್ರೆಂಚ್ ಕೋಡಿನ 5ನೇ ವಿಧಿ ಇದಕ್ಕೆ ಉಲ್ಟಾ: ನ್ಯಾಯಾಧೀಶರು ಮುಂದಿನ ಕೇಸುಗಳಿಗೂ ಅನ್ವಯಿಸುವಂತೆ ನಿಯಮ ಮಾಡಬಾರದು. ಅಲ್ಲಿಯೂ ಮೇಲಿನ ಕೋರ್ಟಿನ ಮಾತಿಗೆ ಬೆಲೆ ಇದೆ. ಆದರೆ ವಾದ ಶುರುವಾಗುವುದು ಕೋಡಿನಿಂದ, ಮತ್ತೆ ಪ್ರೊಫೆಸರುಗಳು ಬರೆದ ವ್ಯಾಖ್ಯಾನಗಳಿಂದ.

ಒಂದು ಉದಾಹರಣೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನೂರು ರೂಪಾಯಿ ಕೊಟ್ಟು ಬಂಗಡೆ ತಗೊಂಡಿರಿ ಅನ್ನಿ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ ಲೆಕ್ಕದಲ್ಲಿ ಅದು ಒಂದೇ ವ್ಯವಹಾರ. ಜರ್ಮನಿಯಲ್ಲಿ ಓದುವ ಹುಡುಗ ಅದರಲ್ಲಿ ಮೂರು ಕರಾರು ಎಣಿಸುತ್ತಾನೆ. ಮಾರುತ್ತೇನೆ, ಕೊಳ್ಳುತ್ತೇನೆ ಎಂಬುದು ಒಂದು. ಮೀನಿನ ಒಡೆತನ ದಾಟಿಸುವುದು ಎರಡನೆಯದು. ನೋಟಿನ ಒಡೆತನ ದಾಟಿಸುವುದು ಮೂರನೆಯದು. ಮೊದಲನೆಯದು ಬಿದ್ದುಹೋದರೂ ಉಳಿದೆರಡು ತಾವಾಗಿ ಬೀಳುವುದಿಲ್ಲ. ಮೀನು ನಿಮ್ಮದೇ ಆಗಿರುತ್ತದೆ. ಮಾರಿದ ಬಾಯಮ್ಮ ಅದನ್ನು ವಾಪಸ್ ಪಡೆಯಲು ಬೇರೆಯೇ ಹಕ್ಕಿನ ಮೇಲೆ ದಾವೆ ಹಾಕಬೇಕು. ಇದು ಕೇಳಲು ತಲೆಹರಟೆ ಅನ್ನಿಸಿದರೂ ಜಮೀನು ವ್ಯವಹಾರದಲ್ಲಿ ಇದರ ಮೇಲೆ ದೊಡ್ಡ ಕೇಸುಗಳೇ ನಿಲ್ಲುತ್ತವೆ.

ಇನ್ನೊಂದು: ನಮ್ಮಲ್ಲಿ ಪ್ರತಿಫಲ ಇಲ್ಲದ ಕರಾರು, ಕೆಲವು ವಿನಾಯಿತಿ ಬಿಟ್ಟರೆ, ಊರ್ಜಿತವಲ್ಲ. ಅವರಲ್ಲಿ ಆ ಷರತ್ತೇ ಇಲ್ಲ.

ಇದು ಮಾಡಿದ್ರೆ ಇಲ್ಲಿ ಸನದು ಸಿಗುತ್ತಾ?

ಇಲ್ಲ. ಇಲ್ಲಿ ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಕೊಡುವುದು 1961ರ ಅಡ್ವೊಕೇಟ್ಸ್ ಕಾಯ್ದೆಯ 24ನೇ ಕಲಂ ಪ್ರಕಾರ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ಕಾನೂನು ಪದವಿ ಇರಲೇಬೇಕು. ಮನೆಯಲ್ಲಿ ಕೂತು ಮಾಡಿದ ಕಾನೂನು ಪದವಿಯನ್ನು ಕೌನ್ಸಿಲ್ ಒಪ್ಪುವುದಿಲ್ಲ. ಆನ್‌ಲೈನಿನಲ್ಲಿ ನಡೆಸಬಾರದು ಎಂದು ಯುಜಿಸಿ ಹಾಕಿದ ವಿಷಯಗಳ ಪಟ್ಟಿಯಲ್ಲೂ ಕಾನೂನು ಇದೆ. ನಿಮ್ಮ ಸನದು ಇಲ್ಲಿನ ಎಲ್‌ಎಲ್‌ಬಿಯ ಮೇಲೇ ನಿಲ್ಲಬೇಕು. ವಿದೇಶಿ ಡಿಗ್ರಿ ಅದರ ಪಕ್ಕದಲ್ಲಿ ಇಡುವ ವಸ್ತು. ಅದರ ಬದಲಿಗೆ ಇಡುವುದಲ್ಲ.

ಎಲ್‌ಎಲ್‌ಬಿಯೇ ಇಲ್ಲದವರಿಗೆ 'ನೇರ ವಿದೇಶಿ ಲಾ ಡಿಗ್ರಿ, ಇಲ್ಲಿ ಪ್ರಾಕ್ಟೀಸ್ ಮಾಡಬಹುದು' ಎಂದು ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ. ಅಷ್ಟೇ.

ಜಡ್ಜ್ ಪರೀಕ್ಷೆಗೆ ಇದರಿಂದ ಏನಾದ್ರೂ ಅನುಕೂಲ?

ಏನೂ ಇಲ್ಲ. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಆ ಸಮಯವನ್ನು ಕೋರ್ಟ್ ಹಾಲಿನಲ್ಲಿ ಕಳೆಯಿರಿ.

ಮಗ ಹಟ ಹಿಡಿದಿದ್ದಾನೆ. ಅಡಿಕೆ ದುಡ್ಡಲ್ಲಿ ಈ ಕೋರ್ಸ್ ಮಾಡಿಸಬಹುದಾ?

ಶಿರಸಿಯ ಒಬ್ಬ ತಾಯಿ ಕೇಳಿದ್ದು. ನಾನು ಅವರಿಗೆ ತಿರುಗಿ ಕೇಳಿದ್ದು ಇಷ್ಟೇ: ಅವನು ಎಲ್ಲಿ ಕೂತು ಕೆಲಸ ಮಾಡುತ್ತಾನಂತೆ, ಅಕ್ಕಾ? ಬೆಂಗಳೂರಿನ ಆಫೀಸು, ದುಬೈ, ಮಾಂಟ್ರಿಯಲ್, ಮಡಗಾಂವ್, ಇಲ್ಲಾ ಶಿರಸಿ ಕೋರ್ಟೇ? ಊರಿನ ಹೆಸರು ಬಾಯಿಗೆ ಬರದಿದ್ದರೆ ಈ ವರ್ಷದ ಅಡಿಕೆ ದುಡ್ಡು ಸೊಸೈಟಿಯಲ್ಲೇ ಇರಲಿ. ಊರು ಗೊತ್ತಿದ್ದರೆ ಆ ಊರಿನ ವಕೀಲರ ಸಂಘಕ್ಕೆ ಒಂದು ಮೇಲ್ ಬರೆಯಲಿ: 'ಈ ಆನ್‌ಲೈನ್ ಡಿಗ್ರಿಯನ್ನು ನೀವು ಲೆಕ್ಕಕ್ಕೆ ತಗೊಳ್ತೀರಾ?' ಉತ್ತರ ಬರುವವರೆಗೆ ಫೀಸು ಕಟ್ಟುವುದು ಬೇಡ. ಯೂನಿವರ್ಸಿಟಿಯನ್ನೇ ಕೇಳಿದರೆ ಎಲ್ಲವೂ ಚೆಂದ ಎಂದೇ ಹೇಳುತ್ತಾರೆ.

## ಪೋಳೆ ದಾಟಿದರೆ

ಗೋವಾದಲ್ಲಿ ಇರೋದೂ ಸಿವಿಲ್ ಲಾನೇ ಅಂತಾರಲ್ಲ, ನಿಜವಾ?

ಹೌದು, ಒಂದು ಭಾಗ. ಮಾಜಾಳಿ ಬಿಟ್ಟು ಗೋವಾ ಗಡಿಯ ಪೋಳೆ ಚೆಕ್‌ಪೋಸ್ಟ್ ದಾಟಿದ ಕೂಡಲೇ ಮದುವೆ, ಆಸ್ತಿ, ವಾರಸುದಾರಿಕೆಯ ಕಾನೂನು ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ 1870ರ ಜುಲೈ 1ರಿಂದ ಗೋವಾಕ್ಕೂ ಬಂತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಮರುವರ್ಷ ಸಂಸತ್ತು ಮಾಡಿದ ಕಾಯ್ದೆ ಹಳೆಯ ಕಾನೂನುಗಳನ್ನು, ತಿದ್ದುವವರೆಗೆ, ಹಾಗೆಯೇ ಉಳಿಸಿತು. ನಮ್ಮ ಬಿಣಗಾ ಕಡಲಿಗೆ ಎದುರಾಗಿರುವ ಅಂಜದೀವ್ ದ್ವೀಪವೂ 1961ರವರೆಗೆ ಪೋರ್ಚುಗೀಸರದ್ದೇ. ಈಗ ನೌಕಾನೆಲೆಯೊಳಗೆ ಇದ್ದರೂ ಆಡಳಿತದ ಲೆಕ್ಕದಲ್ಲಿ ಅದು ಗೋವಾ.

ಒಂದು ತಮಾಷೆ ನೋಡಿ. ಪೋರ್ಚುಗಲ್ ತನ್ನ ಹಳೆ ಕೋಡನ್ನು ಬಿಟ್ಟು 1966ರಲ್ಲಿ ಹೊಸದು ಮಾಡಿಕೊಂಡಿತು. ಗೋವಾ ಹಳೆಯದನ್ನು ಇಟ್ಟುಕೊಂಡಿತು. ಉತ್ತರಾಧಿಕಾರದ ಭಾಗಕ್ಕೆ ಈಗ ಗೋವಾದ್ದೇ 2012ರ ಉತ್ತರಾಧಿಕಾರ, ವಿಶೇಷ ನೋಟರಿ ಮತ್ತು ಇನ್ವೆಂಟರಿ ಕಾಯ್ದೆ ಇದೆ. ಇನ್ವೆಂಟರಿ ಅಂದರೆ ಸತ್ತವರ ಆಸ್ತಿಯ ಪಟ್ಟಿ ಮಾಡಿ ವಾರಸುದಾರರಿಗೆ ಹಂಚುವ ಕೋರ್ಟಿನ ಕೆಲಸ. ಈ ಕಾಯ್ದೆ 2016ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಒಳಗಿನ ತತ್ವ ಹಳೆಯ ಕೋಡಿನದ್ದೇ.

ನಂಗೆ ಕಾರವಾರದಲ್ಲೂ ಗೋವಾದ ಕಾಣಕೋಣದಲ್ಲೂ ಕಕ್ಷಿದಾರರಿದ್ದಾರೆ. ಫೈಲಿನಲ್ಲಿ ನಿಜಕ್ಕೂ ಏನು ಬದಲಾಗುತ್ತೆ?

ಬಹಳ ಬದಲಾಗುತ್ತದೆ. ಗಡಿಯ ಆಚೀಚೆ ಹೆಣ್ಣು ಕೊಟ್ಟು ತಂದ ಮನೆಗಳು ಇಲ್ಲಿ ಎಷ್ಟೋ ಇವೆ. ಲೆಕ್ಕ ಹಾಕಿ ನೋಡೋಣ.

ಕೋಡಿಬಾಗದ ಒಬ್ಬರು ಸ್ವಂತ ದುಡಿಮೆಯಲ್ಲಿ 1 ಕೋಟಿ ಆಸ್ತಿ ಮಾಡಿದ್ದಾರೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಸೇರಿದವರು. ಅವರು ಉಯಿಲು ಬರೆದು ಪೂರ್ತಿ ಕೋಟಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಮಗನಿಗೆ ಸಿಟ್ಟಿನಲ್ಲಿ ಸೊನ್ನೆ ಬರೆದರೂ ನಡೆಯುತ್ತದೆ. ಕಾಣಕೋಣದ ಚಾವಡಿ ಎಂಬ ಊರಿನ ಅವರ ಬೀಗರು ಗೋವಾ ಡೊಮಿಸಿಲ್‌ನವರು. ಅಂದರೆ ಕಾನೂನಿನ ಲೆಕ್ಕದಲ್ಲಿ ಅವರ ಕಾಯಂ ನೆಲೆ ಗೋವಾ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಂಡಿಲ್ಲ. ಅವರ ಹೆಸರಿನಲ್ಲೂ 1 ಕೋಟಿ ಇದೆ ಅನ್ನಿ. ಅದರಲ್ಲಿ 50 ಲಕ್ಷ ಮೊದಲೇ ಹೆಂಡತಿಯದ್ದು. ವಾರಸಾಗಿ ಬಂದದ್ದಲ್ಲ, ಗಂಡ ಬದುಕಿರುವಾಗಲೇ ಅವರದ್ದು. ಉಳಿದ 50 ಲಕ್ಷದಲ್ಲಿ ಅರ್ಧ, ಅಂದರೆ 25 ಲಕ್ಷ, ಮಕ್ಕಳಿಗೆ ಹೋಗಲೇಬೇಕು. ಬೀಗರು ಇಷ್ಟ ಬಂದ ಹಾಗೆ ಬರೆದುಕೊಡಬಹುದಾದ್ದು ಕೊನೆಯ 25 ಲಕ್ಷ ಮಾತ್ರ.

ಅದಕ್ಕೇ ಮಡಗಾಂವದಲ್ಲಿ ಜಾಗ ಮಾರುವಾಗ ಗಂಡ ಹೆಂಡತಿ ಇಬ್ಬರೂ ಸಹಿ ಹಾಕುತ್ತಾರೆ. ವಾರಸುದಾರರು ಹತ್ತು ಜನ ಇದ್ದರೆ ಅವರವರ ಗಂಡ, ಹೆಂಡತಿಯೂ ಬಂದು ಸಾಲಾಗಿ ನಿಲ್ಲುತ್ತಾರೆ. ಇಲ್ಲಿನ ಜೂನಿಯರ್‌ಗೆ ಮೊದಲ ಸಲ ಆ ಕ್ರಯಪತ್ರ ನೋಡಿದರೆ ಮದುವೆ ಕರೆಯೋಲೆ ಕಂಡಂತಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ದಂಪತಿಗಳಿಗೆಂದೇ 5ಎ ಕಲಂ ಹಾಕಿದ್ದರು: ಸಂಬಳ ಬಿಟ್ಟು ಉಳಿದ ಆದಾಯವನ್ನು ಇಬ್ಬರಿಗೂ ಸಮ ಹಂಚಿ ತೆರಿಗೆ ಲೆಕ್ಕ ಹಾಕುವುದು.

ಕಾರವಾರದವರು ಕಿವಿಯಿಟ್ಟು ಕೇಳಬೇಕಾದ ತೀರ್ಪು 2019ರ ಸೆಪ್ಟೆಂಬರಿನದು. ಜೋಸ್ ಪಾವ್ಲೊ ಕುಟಿನೊ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗೋವಾ ಡೊಮಿಸಿಲ್‌ನವರ ಆಸ್ತಿ ಭಾರತದಲ್ಲಿ ಎಲ್ಲಿದ್ದರೂ ವಾರಸುದಾರಿಕೆ ಗೋವಾದ ಕೋಡಿನ ಪ್ರಕಾರವೇ. ಅಲ್ಲಿ ತಕರಾರು ಮುಂಬೈಯ ಆಸ್ತಿಯದ್ದು. ಅದೇ ಮಾತು ನಮ್ಮ ಕಡೆಯ ಸದಾಶಿವಗಡದ ತೋಟಕ್ಕೂ ತಾಗುತ್ತದೆ. ಹಾಗೆಂದು ಮಡಗಾಂವದಲ್ಲಿ ಫ್ಲಾಟ್ ಕೊಂಡ ಮಾತ್ರಕ್ಕೆ ಕಾರವಾರದವರು ಗೋವಾದವರಾಗುವುದಿಲ್ಲ. ಡೊಮಿಸಿಲ್ ಯಾವುದು ಅನ್ನುವುದೇ ಎಷ್ಟೋ ಸಲ ಮೊದಲ ಜಗಳ.

ಹಂಗಾದ್ರೆ ಲಿಸ್ಬನ್ನಿನ ಡಿಗ್ರಿ ಮಾಡಿದ್ರೆ ಗೋವಾ ಕೇಸಿಗೆ ಸರಿಯಾಗುತ್ತಲ್ಲ?

ಎಲ್ಲರೂ ಎಡವುವುದು ಇಲ್ಲೇ. ಲಿಸ್ಬನ್ನಿನಲ್ಲಿ ಈಗ ಕಲಿಸುವುದು 1966ರ ಕೋಡ್. ಬುನಾದಿ ಗಟ್ಟಿಯಾಗುತ್ತದೆ, ಭಾಷೆ ಬರುತ್ತದೆ, ಒಪ್ಪಿದೆ. ಆದರೆ ಕಾಣಕೋಣದ ಫೈಲಿಗೆ ಬೇಕಾದ್ದು ಹಳೆಯ ಕೋಡು, 2012ರ ಕಾಯ್ದೆ, ಮತ್ತೆ ಬಾಂಬೆ ಹೈಕೋರ್ಟಿನ ಗೋವಾ ಪೀಠದ ತೀರ್ಪುಗಳು. ಅದನ್ನು ನಾಲ್ಕು ವರ್ಷದ ಡಿಗ್ರಿಗಿಂತ ಮಡಗಾಂವದ ಒಬ್ಬ ಹಿರಿಯ ವಕೀಲರ ಜೊತೆ ಇನ್ವೆಂಟರಿ ಕೇಸುಗಳಲ್ಲಿ ಕೂತರೆ ಬೇಗ ಕಲಿಯಬಹುದು. ಪಣಜಿಯ ವಿ.ಎಂ. ಸಾಲಗಾಂವ್ಕರ್, ಮಡಗಾಂವದ ಜಿ.ಆರ್. ಕಾರೆ ಕಾನೂನು ಕಾಲೇಜುಗಳು ರೈಲಿನಲ್ಲಿ ಹೋಗಿ ಬರುವಷ್ಟೇ ದೂರ. ಅವರ ಲೈಬ್ರರಿ ನೋಡಿ ಬನ್ನಿ.

ಪೋರ್ಚುಗೀಸ್ ಭಾಷೆ ಮಾತ್ರ ಕಲಿಯಿರಿ. ನಮ್ಮ ಪಹಣಿಯ ಜಾಗದಲ್ಲಿ ಅಲ್ಲಿ ಫಾರ್ಮ್ 1 ಮತ್ತು 14. ಅದರ ಹಿಂದೆ ಹೋದರೆ ಹಳೆಯ ಭೂ ನೋಂದಣಿ ಪುಸ್ತಕ. ಅದರಲ್ಲಿ ಜಾಗದ ವಿವರಣೆಗೆ ಒಂದು ನಂಬರು, ಒಡೆತನದ ನಮೂದಿಗೆ ಇನ್ನೊಂದು ನಂಬರು, ಎಲ್ಲಾ ಪೋರ್ಚುಗೀಸಿನಲ್ಲಿ. ಅನುವಾದಕರ ಮೇಲೆ ನೇತುಬೀಳದೆ ಆ ಒಂದು ಪುಟ ಓದಲು ಬಂದರೆ ಈ ಕರಾವಳಿಯಲ್ಲಿ ಅದು ಎಷ್ಟೋ ಡಿಗ್ರಿಗಿಂತ ಮೇಲು. ಪಣಜಿಯ ಕಮೋಯಿಶ್ ಭಾಷಾ ಕೇಂದ್ರದಲ್ಲೂ ಗೋವಾ ಯೂನಿವರ್ಸಿಟಿಯಲ್ಲೂ ಪೋರ್ಚುಗೀಸ್ ಕಲಿಸುತ್ತಾರೆ.

## ಡಿಗ್ರಿ ಆರಿಸುವಾಗ

ಹೆಸರು ಹೇಳಿ ಸರ್. ನಂಬಬಹುದಾದ ದೂರಶಿಕ್ಷಣ ಎಲ್ಲಿದೆ?

ಸರ್ಕಾರಿ ದೂರಶಿಕ್ಷಣ ವಿಶ್ವವಿದ್ಯಾಲಯಗಳಿಂದ ಶುರು ಮಾಡಿ. ಸ್ಪೇನಿನ ಯುನೆಡ್ 1972ರದು. ಕಾನೂನಿನಲ್ಲಿ 240 ಕ್ರೆಡಿಟ್ಟಿನ ಪೂರ್ಣ ಪದವಿ ಕೊಡುತ್ತದೆ. ಜರ್ಮನಿಯ ಹಾಗೆನ್ ಎಂಬಲ್ಲಿನ ದೂರಶಿಕ್ಷಣ ವಿಶ್ವವಿದ್ಯಾಲಯ 1974ರದು. ಅಲ್ಲಿ ಬ್ಯಾಚುಲರ್ ಆಫ್ ಲಾಸ್ ಇದೆ. ದಕ್ಷಿಣ ಆಫ್ರಿಕಾದ ಯುನಿಸಾ ನಾಲ್ಕು ವರ್ಷದ ಎಲ್‌ಎಲ್‌ಬಿಯನ್ನು ಇಂಗ್ಲಿಷಿನಲ್ಲೇ ದೂರಶಿಕ್ಷಣದಲ್ಲಿ ಕೊಡುತ್ತದೆ. ರೋಮನ್-ಡಚ್ ಕಾನೂನು, ಅದರ ಮೇಲೆ ಇಂಗ್ಲಿಷ್ ಕಾನೂನಿನ ಪದರ. ಬೇರೆ ಭಾಷೆ ಬಾರದ ನಮ್ಮವರಿಗೆ ಕುತೂಹಲಕ್ಕೆ ಓದಲು ಅದೇ ಹತ್ತಿರದ ಬಾಗಿಲು ಅನ್ನಿಸುತ್ತದೆ.

ಇವುಗಳಲ್ಲಿ ಯಾವುದೂ ನೇರ ಲೈಸೆನ್ಸ್ ಅಲ್ಲ. ಸ್ಪೇನಿನಲ್ಲಿ ಪದವಿಯ ಮೇಲೆ 90 ಕ್ರೆಡಿಟ್ಟಿನ ವಕೀಲಿ ಮಾಸ್ಟರ್, ಅದರ ಮೇಲೆ ಸರ್ಕಾರದ ಪರೀಕ್ಷೆ. 2011ರಿಂದ ಹೀಗೇ. ಜರ್ಮನಿಯಲ್ಲಿ ಎರಡು ಸರ್ಕಾರಿ ಪರೀಕ್ಷೆ ದಾಟದೆ ವಕೀಲರಾಗಲು ಆಗುವುದಿಲ್ಲ, ಬರೀ ಬ್ಯಾಚುಲರ್ ಪದವಿ ಸಾಲದು.

ಇಂಗ್ಲಿಷಿನಲ್ಲೇ ಎಲ್ಲಾ ಆಗಲ್ವಾ?

ಒಂದು ವರ್ಷದ ತುಲನಾತ್ಮಕ ಕಾನೂನಿನ ಎಲ್‌ಎಲ್‌ಎಂ ಇಂಗ್ಲಿಷಿನಲ್ಲಿ ಸಿಗುತ್ತದೆ. ಅದು ಊರಿನ ನಕಾಶೆ ಕೊಡುತ್ತದೆ, ಓಣಿಗಳಲ್ಲಿ ಓಡಾಡಲು ಕಲಿಸುವುದಿಲ್ಲ. ಕೋಡು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ ಓದಿದರೇ ಕೆಲಸಕ್ಕೆ ಬರುವುದು. ಕ್ವಿಬೆಕ್ ಒಂದು ಅಪವಾದ: 1994ರಿಂದ ಜಾರಿಯಲ್ಲಿರುವ ಅವರ ಕೋಡು ಫ್ರೆಂಚ್, ಇಂಗ್ಲಿಷ್ ಎರಡರಲ್ಲೂ ಅಧಿಕೃತ.

ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಕೋರ್ಟಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಮರಾಠಿ ಮಾತಾಡುವ ಕಾರವಾರದ ಮಕ್ಕಳು ಇನ್ನೊಂದು ಭಾಷೆಗೆ ಹೆದರುವುದು ನನಗೆ ಅರ್ಥವಾಗುವುದಿಲ್ಲ.

ಪ್ರಾಕ್ಟೀಸ್ ಜೊತೆಗೇ ಓದಬಹುದಾ? ದಿನಕ್ಕೆ ಎಷ್ಟು ಹೊತ್ತು ಬೇಕು?

ಯುರೋಪಿನ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಓದು. 240 ಕ್ರೆಡಿಟ್ಟಿಗೆ ಕಡಿಮೆಯೆಂದರೂ 6,000 ಗಂಟೆ. ಭಾನುವಾರವೂ ಬಿಡದೆ ದಿನಾ 2 ಗಂಟೆ ಓದಿದರೆ 8 ವರ್ಷದ ಮೇಲೆ ಹೋಗುತ್ತದೆ. ಇಲ್ಲಿನ ಓದಿಗೆ ಅವರು ಒಂದಿಷ್ಟು ಕ್ರೆಡಿಟ್ ಬಿಟ್ಟುಕೊಡಬಹುದು. ಆದರೆ ಆಸ್ತಿ, ಕರಾರು, ಕುಟುಂಬದಂಥ ಮುಖ್ಯ ವಿಷಯಗಳಲ್ಲಿ ಬಿಟ್ಟುಕೊಡುತ್ತಾರೆ ಎಂದು ನಂಬಿ ಕೂರಬೇಡಿ. ಕಲಿಯಬೇಕಾದ್ದು ಅದೇ ಅಲ್ವಾ?

ಗಡಿಯಾರವನ್ನೂ ನೋಡಿ. ಚಳಿಗಾಲದಲ್ಲಿ ಮ್ಯಾಡ್ರಿಡ್ಡಿನ ಸಂಜೆ 7ರ ಕ್ಲಾಸು ನಮಗೆ ರಾತ್ರಿ 11.30. ಮಾಂಟ್ರಿಯಲ್‌ನ ಸಂಜೆ 6 ಅಂದರೆ ಮರುದಿನ ಬೆಳಗಿನ ಜಾವ 4.30. ಘಟ್ಟದ ಮೇಲಿನವರಿಗೆ ಮಳೆಗಾಲದ ಕಥೆ ಬೇರೆ ಹೇಳಬೇಕಾ? ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ರೆಕಾರ್ಡ್ ಮಾಡಿದ ಪಾಠ ಇದೆಯಾ, ಪರೀಕ್ಷೆ ಎಲ್ಲಿ ಕೂತು ಬರೆಯಬೇಕು, ಇವೆರಡನ್ನು ಸೇರುವ ಮೊದಲೇ ಕೇಳಿ. ಜುಲೈಯಲ್ಲಿ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ ಇದ್ದರೆ ಯಲ್ಲಾಪುರ, ಸಿದ್ದಾಪುರದವರು ಹುಬ್ಬಳ್ಳಿಯ ನೆಂಟರ ಮನೆ ನೋಡಿಕೊಳ್ಳುವುದು ಒಳ್ಳೆಯದು.

ನಾನಿನ್ನೂ ಎಲ್‌ಎಲ್‌ಬಿ ಎರಡನೇ ವರ್ಷ. ಈಗಲೇ ಶುರು ಮಾಡ್ಲಾ?

ಬೇಡ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 6ನೆಯದು ಲಾ ಕೋರ್ಸ್ ಜೊತೆ ಇನ್ನೊಂದು ರೆಗ್ಯುಲರ್ ಕೋರ್ಸ್ ಬೇಡವೆನ್ನುತ್ತದೆ. ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದ ಕೋರ್ಸಿಗೆ ವಿನಾಯಿತಿ ಇದೆ, ನಿಜ. ವಿದೇಶಿ ಆನ್‌ಲೈನ್ ಪದವಿ ಆ ವಿನಾಯಿತಿಗೆ ಸೇರುತ್ತದೆಯೇ ಎಂಬ ವಾದವನ್ನು ನಿಮ್ಮ ಸನದಿನ ಅರ್ಜಿಯ ಮೇಲೇ ಯಾಕೆ ಹೂಡುತ್ತೀರಿ? ಈಗ ಭಾಷೆ ಕಲಿಯಿರಿ. ಭಾಷೆಯ ಸರ್ಟಿಫಿಕೇಟ್ ಕೋರ್ಸಿಗೆ ಅದೇ ನಿಯಮದಲ್ಲಿ ಸ್ಪಷ್ಟ ಅವಕಾಶ ಇದೆ.

## ಹೊರದೇಶಕ್ಕೆ ಹೊರಟವರಿಗೆ

ದುಬೈಯಲ್ಲಿ ಅಣ್ಣ ಇದ್ದಾನೆ. ಅಲ್ಲಿ ಉಪಯೋಗವಾಗುತ್ತಾ?

ಭಟ್ಕಳ, ಮುರ್ಡೇಶ್ವರದ ಹುಡುಗರು ತಪ್ಪದೆ ಕೇಳುವ ಪ್ರಶ್ನೆ. ಯುಎಇಯಲ್ಲಿ 1985ರಲ್ಲಿ ಬಂದ ಸಿವಿಲ್ ಕೋಡ್, ಈಜಿಪ್ಟಿನ 1948ರ ಕೋಡನ್ನು ನೋಡಿ ಮಾಡಿದ್ದು. ಈಜಿಪ್ಟಿನದ್ದರ ಹಿಂದೆ ಫ್ರೆಂಚ್ ಕೋಡ್. ಕುವೈತ್, ಕತಾರ್ ಕೂಡ ಅದೇ ಮನೆತನ. ಹಾಗಾಗಿ ಫ್ರೆಂಚ್ ಪದ್ಧತಿ ಓದಿದವರಿಗೆ ಅಲ್ಲಿನ ಕರಾರು ಕಾನೂನು ಬೇಗ ಹತ್ತುತ್ತದೆ. ಆದರೆ ಕೋರ್ಟಿನ ಭಾಷೆ ಅರಬ್ಬಿ. ಹೊರಗಿನವರಿಗೆ ಸಾಮಾನ್ಯವಾಗಿ ಸಿಗುವುದು ಕಂಪನಿಯೊಳಗಿನ ಅಥವಾ ಲೀಗಲ್ ಕನ್ಸಲ್ಟೆಂಟ್ ಕೆಲಸ. ಇನ್ನು ದುಬೈಯ ಡಿಐಎಫ್‌ಸಿ, ಅಬುಧಾಬಿಯ ಎಡಿಜಿಎಂ ಎಂಬ ಹಣಕಾಸು ವಲಯಗಳಲ್ಲಿ ನಡೆಯುವುದು ಕಾಮನ್ ಲಾ, ಅದೂ ಇಂಗ್ಲಿಷಿನಲ್ಲಿ. ಅಲ್ಲಿಗೆ ನಿಮ್ಮ ಈಗಿನ ಓದೇ ಹತ್ತಿರ. ಅರಬ್ಬಿ ಬರುವ ಹುಡುಗರಿಗೆ ಮಾತ್ರ ನಾನು ಈ ಡಿಗ್ರಿಗೆ ಹೂಂ ಅನ್ನುವುದು.

ಮದುವೆಯಾಗಿ ಕೆನಡಾಕ್ಕೆ ಹೋಗ್ತಾ ಇದೀನಿ. ಎರಡೂ ಇದ್ರೆ ಒಳ್ಳೇದಲ್ವಾ?

ಯಾವ ಪ್ರಾಂತ್ಯ ಎಂಬುದರ ಮೇಲೆ ಹೋಗುತ್ತದೆ. ಟೊರಾಂಟೊ, ವ್ಯಾಂಕೂವರ್ ಆದರೆ ಕಾಮನ್ ಲಾ. ನಿಮ್ಮ ಎಲ್‌ಎಲ್‌ಬಿಯನ್ನು ಎನ್‌ಸಿಎ ಎಂಬ ಸಮಿತಿ ತೂಗಿ ಯಾವ ಪರೀಕ್ಷೆ ಬರೆಯಬೇಕೆಂದು ಹೇಳುತ್ತದೆ. ಸಿವಿಲ್ ಲಾ ಡಿಗ್ರಿ ಬೇಕಿಲ್ಲ. ಮಾಂಟ್ರಿಯಲ್ ಆದರೆ ಎನ್‌ಸಿಎ ನಡೆಯುವುದಿಲ್ಲ. ಕ್ವಿಬೆಕ್ ಬಾರ್‌ಗೆ ತತ್ಸಮಾನತೆಯ ಅರ್ಜಿ ಹಾಕಬೇಕು, ಸಿವಿಲ್ ಲಾ ಓದಬೇಕು, ಫ್ರೆಂಚ್ ಬರಲೇಬೇಕು. ಅಲ್ಲಿ ನೋಟರಿಗಳದ್ದೇ ಬೇರೆ ವೃತ್ತಿ, ನಮ್ಮ ಕೋರ್ಟ್ ಎದುರು ಠಸ್ಸೆ ಹೊಡೆಯುವ ನೋಟರಿ ಅಲ್ಲ. ಆಸ್ತಿ ಪತ್ರ, ಉಯಿಲು ಹೆಚ್ಚಾಗಿ ಅವರ ಕೈಯಲ್ಲೇ ಆಗುತ್ತದೆ, ಅದಕ್ಕೆ ಸಾಕ್ಷ್ಯದ ಬಲವೂ ಹೆಚ್ಚು.

ಹೊರಡುವ ಮುಂಚೆ ಇಲ್ಲಿನ ಮಾರ್ಕ್ಸ್ ಕಾರ್ಡು, ಪದವಿ ಪತ್ರ, ಸನದಿನ ಪ್ರತಿಗಳನ್ನು ಹೊಂದಿಸಿಕೊಳ್ಳಿ. ವಿಶ್ವವಿದ್ಯಾಲಯದಿಂದ ನೇರ ಕಳಿಸುವ ಲಕೋಟೆಯನ್ನೂ ಕೇಳುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯದ ಆಫೀಸಿಗೆ ಒಮ್ಮೆ ಹೋಗಿ ಬರುವುದು ಅಲ್ಲಿಂದ ಫೋನ್ ಮಾಡುತ್ತಾ ಕೂರುವುದಕ್ಕಿಂತ ಸಲೀಸು. ದಾಖಲೆ ಅಸಲಿ ಎಂದು ಹೊರದೇಶಕ್ಕೆ ತಿಳಿಸುವ ಅಪೊಸ್ಟಿಲ್ ಎಂಬ ಮುದ್ರೆಯ ಪದ್ಧತಿ ಭಾರತದಲ್ಲಿ 2005ರಿಂದ ಇದೆ. ರಾಜ್ಯದ ದೃಢೀಕರಣ ಮೊದಲು, ವಿದೇಶಾಂಗ ಇಲಾಖೆಯದ್ದು ಆಮೇಲೆ.

## ಒಳಗಿಳಿದವರಿಗೆ

ಪರೀಕ್ಷೆಯಲ್ಲಿ ತೀರ್ಪುಗಳನ್ನು ಉದ್ದಕ್ಕೂ ಬರೆದೆ, ಮಾರ್ಕ್ಸೇ ಬರ್ಲಿಲ್ಲ. ಯಾಕೆ?

ನಮ್ಮ ಅಭ್ಯಾಸ ಅದು: ಪ್ರಶ್ನೆ ಕಂಡ ಕೂಡಲೇ ಕೇಸಿನ ಹೆಸರು. ಜರ್ಮನ್ ರೀತಿಯ ಉತ್ತರದಲ್ಲಿ ಮೊದಲು ಯಾರು, ಯಾರಿಂದ, ಏನನ್ನು, ಯಾವ ಕಲಂ ಮೇಲೆ ಕೇಳುತ್ತಿದ್ದಾರೆ ಎಂಬ ಒಂದು ಸಾಲು. ಆಮೇಲೆ ಆ ಕಲಮಿನ ಷರತ್ತುಗಳನ್ನು ಬಿಡಿಸಿ, ಒಂದೊಂದಕ್ಕೂ ಸಂಗತಿಯನ್ನು ಹೊಂದಿಸಿ ನೋಡಬೇಕು. ಒಂದು ಷರತ್ತು ಬಿದ್ದರೆ ಅಲ್ಲಿಗೆ ನಿಲ್ಲಬೇಕು. ಮೇಲಿನ ಬಂಗಡೆಯನ್ನೇ ಇಟ್ಟುಕೊಂಡು ನಾಲ್ಕು ದಿನ ಅಭ್ಯಾಸ ಮಾಡಿ. ಈ ಶಿಸ್ತು ಬಂದರೆ ಇಲ್ಲಿನ ದಾವೆಯ ಕರಡೂ ಸಣ್ಣದಾಗುತ್ತದೆ. ನಮ್ಮ ಬಾರಿನ ಕೆಲವು ಪ್ಲೇಂಟುಗಳನ್ನು ಓದಿದವರಿಗೆ ಅದರ ಬೆಲೆ ಗೊತ್ತು.

ಡಿಗ್ರಿ ಮುಗಿದ್ಮೇಲೆ ಬೋರ್ಡಿನಲ್ಲಿ 'ಪೋರ್ಚುಗೀಸ್ ಕಾನೂನು ತಜ್ಞ' ಅಂತ ಹಾಕ್ಲಾ?

ಹಾಕಬೇಡಿ. ಬಾರ್ ಕೌನ್ಸಿಲಿನ ನಿಯಮ 36 ಪ್ರಕಾರ ಇಂಥ ಕೆಲಸದಲ್ಲಿ ಪರಿಣತ ಎಂದು ಬೋರ್ಡಿನಲ್ಲಿ ಹೇಳಿಕೊಳ್ಳುವಂತಿಲ್ಲ.

ಕಾರವಾರ ಕೋರ್ಟಿನಲ್ಲಿ ಸ್ಪೇನಿನ ಕಾನೂನು ಬಂದ್ರೆ ನಾನೇ ಹೇಳಿದ್ರೆ ಸಾಕಾ? ಗೋವಾದ್ದಾದ್ರೆ?

ಎರಡೂ ಬೇರೆ ಬೇರೆ. ಸ್ಪೇನಿನದು ವಿದೇಶಿ ಕಾನೂನು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ, ಅಂದರೆ ಹಳೆಯ 45ನೇ ಕಲಂ, ಅದರ ಮೇಲೆ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯವಾಗಿ ಒಪ್ಪುತ್ತದೆ. ನಿಮ್ಮ ಡಿಗ್ರಿಗೆ ಇಲ್ಲಿ ನಿಜವಾದ ಬೆಲೆ ಬರುವುದು ಈ ಜಾಗದಲ್ಲಿ: ಸಾಕ್ಷಿಕಟ್ಟೆ ಹತ್ತಿ, ಪಾಟೀ ಸವಾಲಿಗೆ ನಿಂತು ಹೇಳಬಹುದು. ಆದರೆ ಅದೇ ಕೇಸಿನ ವಕಾಲತ್ತು ನಿಮ್ಮದಾಗಿರಬಾರದು. ತಾನು ಸಾಕ್ಷಿಯಾಗುವ ಕೇಸನ್ನು ವಕೀಲ ಹಿಡಿಯಬಾರದೆಂದು ಬಾರ್ ಕೌನ್ಸಿಲ್ ನಿಯಮವಿದೆ. ವಕಾಲತ್ತಾ, ಸಾಕ್ಷಿಯಾ ಅಂತ ಕಕ್ಷಿದಾರ ಬಂದ ದಿನವೇ ತೀರ್ಮಾನಿಸಿ.

ಗೋವಾದ ಕೋಡು ವಿದೇಶಿ ಅಲ್ಲ. 2019ರ ತೀರ್ಪು ಅದನ್ನು ಭಾರತದ ಕಾನೂನೇ ಎಂದಿದೆ. ಭಾರತದಲ್ಲಿ ಜಾರಿಯಲ್ಲಿರುವ ಕಾನೂನನ್ನು ಕೋರ್ಟ್ ತಾನೇ ಗಮನಕ್ಕೆ ತೆಗೆದುಕೊಳ್ಳಬೇಕು, ತಜ್ಞ ಸಾಕ್ಷಿ ಬೇಕಿಲ್ಲ. ಕೋಡಿನ ಪುಸ್ತಕದ ಪ್ರತಿ, ಇಂಗ್ಲಿಷ್ ಅನುವಾದ, ಗೋವಾ ಪೀಠದ ಒಂದೆರಡು ತೀರ್ಪು ಹಿಡಿದು ನೀವೇ ವಾದ ಮಾಡಬಹುದು. ಎದುರು ಪಕ್ಷದವರು 'ಇದನ್ನು ಸಾಬೀತು ಮಾಡಿಲ್ಲ' ಎಂದು ಎದ್ದರೆ ಆ ತೀರ್ಪಿನ ಪ್ಯಾರಾ ತೋರಿಸಿ.